ಅಮ್ಮನಿಗೆ ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ ಶುರು ಮಾಡುತ್ತಿದ್ದಾರೆ, ಮೊದಲೇ ಏನೇನು ಗೊತ್ತಿರಬೇಕು?

ನೀಲಿಕೊಡೆ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ತುಂಬಾ ವರ್ಷದಿಂದ ಮೆಥೊಟ್ರೆಕ್ಸೇಟ್ ಮಾತ್ರೆ ನಡೀತಿದೆ. ಈಗ ಅದೊಂದೇ ಸಾಕಾಗುತ್ತಿಲ್ಲ, ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗಲ್ಲ. ಡಾಕ್ಟರ್ ಇನ್‌ಫ್ಲಿಕ್ಸಿಮ್ಯಾಬ್ ಹೇಳಿದ್ದಾರೆ. ಅದನ್ನು ರಕ್ತನಾಳಕ್ಕೆ ನಿಧಾನವಾಗಿ ಡ್ರಿಪ್ ಹಾಕಿ ಕೊಡುತ್ತಾರಂತೆ. ಜೊತೆಗೆ ನಾನೇ ಹೋಗುವವಳು. ಎಷ್ಟು ಹೊತ್ತು ಆಗುತ್ತದೆ, ನಾನು ಏನು ಗಮನಿಸುತ್ತಿರಬೇಕು, ಮನೆಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು, ಒಂದೂ ಗೊತ್ತಿಲ್ಲ.

ಇನ್ನೊಂದು ವಿಷಯ. ಅಮ್ಮ ಯಾವತ್ತೂ ನೋವು ಅಂತ ಬಾಯಿಬಿಟ್ಟು ಹೇಳುವವರಲ್ಲ. ಕೇಳಿದರೆ "ಏನಿಲ್ಲ, ಚೆನ್ನಾಗಿದ್ದೀನಿ" ಅಂತಾರೆ. ನನಗೆ ಅದೇ ಜಾಸ್ತಿ ಭಯ.

ಎಂಟುವಾರ:
ನನಗೆ ಕ್ರೋನ್ಸ್ (ಕರುಳಿನ ಉರಿಯೂತದ ಕಾಯಿಲೆ) ಇದೆ, ಇದೇ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಲೆಕ್ಕ ಹೀಗಿರುತ್ತದೆ. ಮೊದಲನೇ ಡೋಸ್, ಅದಾದ 2 ವಾರಕ್ಕೆ ಒಂದು, ಮೊದಲನೆಯದರಿಂದ 6 ವಾರಕ್ಕೆ ಇನ್ನೊಂದು. ಆಮೇಲೆ ಸಾಮಾನ್ಯವಾಗಿ 8 ವಾರಕ್ಕೊಮ್ಮೆ. ಡೋಸ್ ತೂಕದ ಮೇಲೆ. ಸಂಧಿವಾತಕ್ಕೆ ಕಿಲೋಗೆ 3 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, ಕ್ರೋನ್ಸ್‌ಗೆ 5. ಅಂದರೆ 60 ಕಿಲೋ ಇರುವವರಿಗೆ ಸಂಧಿವಾತಕ್ಕೆ 180 ಮಿಲಿಗ್ರಾಂ, ನನ್ನ ಕಾಯಿಲೆಗೆ 300. ಹಾಗಾಗಿ ಬೇರೆಯವರ ಡೋಸ್ ನೋಡಿ ಗಾಬರಿಯಾಗಬೇಡಿ. ಅಮ್ಮನ ತೂಕ ಮಾತ್ರ ಹೊಸದಾಗಿ ನೋಡಿಸಿ. ಹಳೆಯ ಚೀಟಿಯಲ್ಲಿ ಇದ್ದದ್ದನ್ನೇ ಬಾಯಲ್ಲಿ ಹೇಳಬೇಡಿ, ಕಾಯಿಲೆ ಜೋರಾಗಿದ್ದಾಗ ತೂಕ ಇಳಿದಿರುತ್ತದೆ.

ಡ್ರಿಪ್ ಕನಿಷ್ಠ 2 ಗಂಟೆ. ಮುಗಿದ ಮೇಲೆ ಒಂದೆರಡು ಗಂಟೆ ಅಲ್ಲೇ ಕೂರಿಸಿಕೊಂಡು ನೋಡುತ್ತಾರೆ. ಅರ್ಧ ದಿನ ಹೋಯಿತು ಅಂತಲೇ ಇಟ್ಟುಕೊಳ್ಳಿ. ಬೇಗ ಕಳಿಸಿ ಅಂತ ದಯವಿಟ್ಟು ಅವಸರ ಮಾಡಬೇಡಿ, ಆ ಕಾಯುವ ಹೊತ್ತೂ ಚಿಕಿತ್ಸೆಯದೇ ಭಾಗ.

ಡ್ರಿಪ್‌ಕೋಣೆ:
ನಾನು ನರ್ಸ್. ಇಂಥ ಡ್ರಿಪ್ ಹಾಕುವುದೇ ನನ್ನ ದಿನದ ಕೆಲಸ. ನೀಲಿಕೊಡೆ ಅವರೇ, ನಿಮ್ಮ ಕೊನೆಯ ಸಾಲು ಓದಿ ಉತ್ತರ ಬರೆಯಲೇಬೇಕು ಅನ್ನಿಸಿತು. ಸಹಿಸಿಕೊಂಡು ಸುಮ್ಮನಿರುವವರದ್ದೇ ನಮಗೆ ನಿಜವಾದ ಚಿಂತೆ.

ಈ ಔಷಧ ದೇಹಕ್ಕೆ ಒಗ್ಗದಿದ್ದರೆ ಅದು ಹೆಚ್ಚಾಗಿ ಡ್ರಿಪ್ ಹೋಗುತ್ತಿರುವಾಗಲೇ ಅಥವಾ ಮುಗಿದ ಒಂದೆರಡು ಗಂಟೆಯೊಳಗೆ ಗೊತ್ತಾಗುತ್ತದೆ. ಶುರುವಿನಲ್ಲಿ ತುಂಬಾ ಸಣ್ಣದಾಗಿರಬಹುದು. ಅಂಗೈ ಅಥವಾ ತಲೆಯಲ್ಲಿ ತುರಿಕೆ, ಮುಖ ಬಿಸಿಯಾಗಿ ಕೆಂಪಾಗುವುದು, ಚಳಿ, ತಲೆನೋವು, ವಾಕರಿಕೆ. ಗಂಟಲು ಬಿಗಿದಂತೆ, ಎದೆ ಹಿಡಿದಂತೆ, ಉಸಿರಿಗೆ ಕಷ್ಟ, ಕಣ್ಣು ಕತ್ತಲೆ, ತುಟಿ ಅಥವಾ ನಾಲಿಗೆ ಊತ, ಇವು ಕಂಡರೆ ಒಂದು ಕ್ಷಣವೂ ಕಾಯಬಾರದು, ಕೂಗಿ ಕರೆಯಬೇಕು. ಸಣ್ಣದಿದ್ದಾಗಲೇ ಹೇಳಿದರೆ ನಾವು ಡ್ರಿಪ್ ನಿಧಾನ ಮಾಡುತ್ತೇವೆ ಅಥವಾ ನಿಲ್ಲಿಸುತ್ತೇವೆ, ಡಾಕ್ಟರ್ ಹೇಳಿದ ಔಷಧ ಕೊಡುತ್ತೇವೆ, ಎಷ್ಟೋ ಜನರಿಗೆ ಕಡಿಮೆಯಾದ ಮೇಲೆ ನಿಧಾನವಾಗಿ ಮತ್ತೆ ಮುಂದುವರಿಸಲೂ ಆಗುತ್ತದೆ. ಜೋರಾಗುವವರೆಗೆ ತಡೆದುಕೊಂಡರೆ ಆ ದಾರಿ ಉಳಿಯುವುದಿಲ್ಲ.

ಈಗ ಅಮ್ಮನ ವಿಷಯ. "ಹೇಗಿದ್ದೀಯಮ್ಮ" ಅಂತ ಕೇಳಬೇಡಿ. ಆ ಪ್ರಶ್ನೆಗೆ ಬಾಯಿ ತಾನಾಗಿಯೇ "ಚೆನ್ನಾಗಿದ್ದೀನಿ" ಅಂತ ಹೇಳಿಬಿಡುತ್ತದೆ. ಒಂದೊಂದನ್ನೇ ಹೆಸರು ಹಿಡಿದು ಕೇಳಿ. ತುರಿಕೆ ಇದೆಯಾ? ಗಂಟಲಲ್ಲಿ ಏನಾದರೂ ಅನ್ನಿಸ್ತಿದೆಯಾ? ಎದೆ ಭಾರವಾ? ಬೆನ್ನು ನೋಯ್ತಿದೆಯಾ? ಚಳಿ ಆಗ್ತಿದೆಯಾ? ಸೂಜಿ ಹಾಕಿದ ಕಡೆ ಉರಿಯಾ? ಮೊದಲ ಅರ್ಧ ಗಂಟೆ ಜಾಸ್ತಿ ಸಲ ಕೇಳಿ. ಹಿಂದಿನ ದಿನವೇ ಅವರಿಗೆ ಒಂದು ಮಾತು ಹೇಳಿಡಿ: ಸಿಸ್ಟರ್‌ನ ಕರೆದರೆ ಅವರಿಗೆ ತೊಂದರೆ ಕೊಟ್ಟಂತಲ್ಲ, ಕರೆಯದಿದ್ದರೆ ಅವರಿಗೆ ಕೆಲಸ ಮಾಡಲು ಆಗುವುದಿಲ್ಲ ಅಂತ. ನಮ್ಮ ಕಡೆಯಿಂದಲೂ ಬಿಪಿ, ನಾಡಿ, ಜ್ವರ ಆಗಾಗ ನೋಡುತ್ತಲೇ ಇರುತ್ತೇವೆ, ಆದರೆ ತುರಿಕೆ, ಎದೆಭಾರ ಯಾವ ಯಂತ್ರದಲ್ಲೂ ಕಾಣಿಸುವುದಿಲ್ಲ.

ಕೈ ಮೇಲೆ ಹೊದಿಕೆ ಹೊದಿಸಿದರೂ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ ಜಾಗ ಕಣ್ಣಿಗೆ ಕಾಣುವಂತೆ ಬಿಡಿ. ಅಲ್ಲಿ ಊದಿಕೊಂಡರೆ, ತಣ್ಣಗೆ ಬಿಗಿದಂತಾದರೆ, ಉರಿದರೆ, ಔಷಧ ರಕ್ತನಾಳದ ಹೊರಗೆ ಸೇರುತ್ತಿರಬಹುದು. ಮುಗಿಯಲಿ ಅಂತ ಕಾಯಬೇಡಿ.

ದಾರಿಹೋಕ:
ಟ್ಯೂಬ್‌ನಲ್ಲಿ ಇರುತ್ತಲ್ಲ ಆ ಸಣ್ಣ ಚಕ್ರ, ಅದನ್ನು ತಿರುಗಿಸಿದರೆ ಹನಿ ಬೇಗ ಬೀಳುತ್ತದೆ. ನಮ್ಮ ಪಕ್ಕದ ಹಾಸಿಗೆಯವರ ಕಡೆಯವರು ಹೊತ್ತಾಯಿತು ಅಂತ ತಾವೇ ತಿರುಗಿಸುತ್ತಿದ್ದರು. ಅದರಿಂದ ತೊಂದರೆ ಇದೆಯಾ?

ಡ್ರಿಪ್‌ಕೋಣೆ:
ಇದೆ, ತುಂಬಾ ಇದೆ. ಆ ಚಕ್ರವನ್ನು ರೋಗಿಯಾಗಲಿ ಜೊತೆಯವರಾಗಲಿ ಮುಟ್ಟಲೇಬಾರದು. ಹನಿ ನಿಂತುಹೋಗಿದೆ ಅನ್ನಿಸಿದರೂ ಕರೆಯಿರಿ. ಎಷ್ಟು ಹೊತ್ತಿನಲ್ಲಿ ಹೋಗಬೇಕು ಅನ್ನುವುದೂ ಡೋಸ್‌ನಷ್ಟೇ ಮುಖ್ಯ. ವ್ಯಾಂಕೊಮೈಸಿನ್ ಅನ್ನುವ ಆಂಟಿಬಯೋಟಿಕ್ ಇದೆ, ಅದನ್ನು ಕನಿಷ್ಠ 60 ನಿಮಿಷ ತೆಗೆದುಕೊಂಡು ಕೊಡಬೇಕು. ಬೇಗ ಹೋದರೆ ಮುಖ, ಕುತ್ತಿಗೆ, ಎದೆ ಕೆಂಪಾಗಿ ತುರಿಕೆ ಬಂದು ಬಿಪಿ ಇಳಿಯಬಹುದು. ಪೊಟ್ಯಾಸಿಯಂ ಹಾಕಿದ ಡ್ರಿಪ್ ಅಂತೂ ವೇಗವಾಗಿ ಹೋದರೆ ಹೃದಯವೇ ನಿಲ್ಲಬಹುದು. ಬಾಟಲಿಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಚಕ್ರಕ್ಕೆ ಕೈ ಹಾಕುವುದು ಎಷ್ಟು ಅಪಾಯ ಅಂತ ಯೋಚನೆ ಮಾಡಿ. ಮುಂದೆ ಯಾರಾದರೂ ಹಾಗೆ ಮಾಡುವುದು ಕಂಡರೆ, ಬೇರೆಯವರ ವಿಷಯ ನಮಗ್ಯಾಕೆ ಅನ್ನದೆ ನರ್ಸ್‌ಗೆ ತಿಳಿಸಿ.

ನೀಲಿಕೊಡೆ:
ತುಂಬಾ ಥ್ಯಾಂಕ್ಸ್ ಸಿಸ್ಟರ್. ಆ ಪ್ರಶ್ನೆಗಳನ್ನು ಬರೆದುಕೊಂಡೆ. ಇನ್ನೊಂದು ಕೇಳಬೇಕಿತ್ತು. ಅಮ್ಮನಿಗೆ ಸ್ವಲ್ಪ ಕೆಮ್ಮು ಇದೆ. ಅಂಥದ್ದೇನಿಲ್ಲ ಅಂತ ಅವರು ಹೇಳುತ್ತಾರೆ. ಡಾಕ್ಟರ್ ಟಿಬಿ ಪರೀಕ್ಷೆಗೂ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಯಾರಿಗೂ ಟಿಬಿ ಇಲ್ಲ. ಅದು ಬೇಕೇ ಬೇಕಾ?

ಎಂಟುವಾರ:
ಬೇಕೇ ಬೇಕು. ಟಿಬಿ ರೋಗಾಣು ಎಷ್ಟೋ ಜನರ ದೇಹದಲ್ಲಿ ಯಾವ ಲಕ್ಷಣವೂ ಇಲ್ಲದೆ ಸುಮ್ನೆ ಮಲಗಿರುತ್ತದೆ. ದೇಹ ಅದರ ಸುತ್ತ ಬೇಲಿ ಕಟ್ಟಿದ ಹಾಗೆ ಜೀವಕೋಶಗಳನ್ನು ಕೂಡಿಸಿ ಹಿಡಿದಿಟ್ಟಿರುತ್ತದೆ. ಹಾಗೆ ಹಿಡಿದಿಡಲು ಬೇಕಾದದ್ದು ಟಿಎನ್‌ಎಫ್ ಅನ್ನುವ ಪ್ರೊಟೀನ್. ಇನ್‌ಫ್ಲಿಕ್ಸಿಮ್ಯಾಬ್ ತಡೆಯುವುದು ಅದನ್ನೇ. ಕೀಲಿನ ಉರಿಯೂತ ಇಳಿಯುವುದೂ ಅದರಿಂದಲೇ, ಮಲಗಿದ್ದ ಟಿಬಿ ಏಳುವುದೂ ಅದರಿಂದಲೇ. ಅದಕ್ಕೇ ಶುರು ಮಾಡುವ ಮುಂಚೆ ಚರ್ಮದ ಪರೀಕ್ಷೆ ಅಥವಾ ರಕ್ತದ ಇಗ್ರಾ ಪರೀಕ್ಷೆ, ಜೊತೆಗೆ ಎದೆಯ ಎಕ್ಸ್‌ರೇ ಮಾಡಿಸುತ್ತಾರೆ. ಮಲಗಿರುವ ಸೋಂಕು ಸಿಕ್ಕರೆ ಮೊದಲು ಅದಕ್ಕೆ ಔಷಧ ಶುರು ಮಾಡುತ್ತಾರೆ, ಇದು ಆಮೇಲೆ.

ಒಂದು ವಿಷಯ ಗಮನದಲ್ಲಿರಲಿ. ರೋಗನಿರೋಧಕ ಶಕ್ತಿ ಕಡಿಮೆ ಮಾಡುವ ಔಷಧ, ಸ್ಟೀರಾಯ್ಡ್ ಎಲ್ಲ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆ ತಪ್ಪಾಗಿ ನೆಗೆಟಿವ್ ತೋರಿಸಬಹುದು. ಹಾಗಾಗಿ ಹಿಂದೆ ಯಾವಾಗಾದರೂ ಟಿಬಿ ಇದ್ದವರ ಜೊತೆ ಹತ್ತಿರದಲ್ಲಿ ಇದ್ದದ್ದು ಅಮ್ಮನಿಗೆ ನೆನಪಿದ್ದರೆ, ಚಿಕ್ಕಂದಿನ ವಿಷಯವಾದರೂ ಹೇಳಿ. ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲಿ, ಅದೂ ಹೀಗೆಯೇ ಮತ್ತೆ ಏಳುವಂಥದ್ದು. ಹೃದಯ ದುರ್ಬಲ ಅಂತ ಯಾರಾದರೂ ಡಾಕ್ಟರ್ ಯಾವತ್ತಾದರೂ ಹೇಳಿದ್ದರೆ ಅದನ್ನೂ ಮುಚ್ಚಿಡಬೇಡಿ, ಈ ಔಷಧದಿಂದ ಅದು ಜಾಸ್ತಿಯಾಗಬಹುದು.

ಕೆಮ್ಮಿನ ವಿಷಯ ಇವತ್ತೇ ಫೋನ್ ಮಾಡಿ ತಿಳಿಸಿ, ಡ್ರಿಪ್ ದಿನದವರೆಗೆ ಇಟ್ಟುಕೊಳ್ಳಬೇಡಿ. ಸೋಂಕು ಇದ್ದಾಗ ಇದನ್ನು ಕೊಡುವುದಿಲ್ಲ. ಮುಂದೆಯೂ ಅಷ್ಟೇ, ಜ್ವರ, ಮೂತ್ರದಲ್ಲಿ ಉರಿ, ಕೀವು ತುಂಬಿದ ಗಾಯ, ಹಲ್ಲಿನ ಸೋಂಕು, ಏನೇ ಇದ್ದರೂ ಹೊರಡುವ ಮುಂಚೆಯೇ ಕೇಳಬೇಕು.

ಹಗಲುದೀಪ:
ಇದನ್ನೆಲ್ಲ ಓದಿದರೆ ಹೊಸಬರು ಹೆದರಿ ಔಷಧವೇ ಬೇಡ ಅಂದುಬಿಡುತ್ತಾರೆ ಅಲ್ವಾ? ನನ್ನ ತಂಗಿಗೆ ವರ್ಷಗಳಿಂದ ಹಾಕಿಸುತ್ತಿದ್ದೇವೆ, ಒಂದು ದದ್ದು ಕೂಡ ಬಂದಿಲ್ಲ. ಮೊದಲು ಒಂದು ಲೋಟ ಎತ್ತಲು ಒದ್ದಾಡುತ್ತಿದ್ದಳು, ಈಗ ಕೆಲಸಕ್ಕೆ ಹೋಗುತ್ತಾಳೆ. ಅದನ್ನೂ ಯಾರಾದರೂ ಹೇಳಬೇಕು.

ಎಂಟುವಾರ:
ಹೇಳಲೇಬೇಕು, ನೀವು ಹೇಳಿದ್ದು ಒಳ್ಳೆಯದಾಯಿತು. ನನಗೂ ಈ ಔಷಧದಿಂದ ಜೀವನ ವಾಪಸ್ ಸಿಕ್ಕಿದೆ. ಹೆಚ್ಚಿನವರಿಗೆ ಡ್ರಿಪ್ ದಿನ ಅಂದರೆ ಸುಮ್ನೆ ಕೂತು ಬರುವ ದಿನ ಅಷ್ಟೇ. 1998ರಿಂದ ಬಳಕೆಯಲ್ಲಿರುವ ಔಷಧ, ಏನೇನು ಆಗಬಹುದು ಅಂತ ಡಾಕ್ಟರ್‌ಗಳಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಇಷ್ಟು ಪರೀಕ್ಷೆ, ಇಷ್ಟು ಕಾಯುವುದು. ನಾನು ಇದನ್ನೆಲ್ಲ ಬರೆಯುವುದು ನೀಲಿಕೊಡೆ ಅವರ ಅಮ್ಮನಿಗೆ ಔಷಧ ಸಿಗಲಿ, ನಿಲ್ಲದೆ ಮುಂದುವರಿಯಲಿ ಅಂತಲೇ.

ಔಷಧಪೆಟ್ಟಿಗೆ:
ಫಾರ್ಮಸಿಯಲ್ಲಿ ಕೆಲಸ ಮಾಡುವವನಾಗಿ ಒಂದಿಷ್ಟು ಸೇರಿಸುತ್ತೇನೆ. ಕೆಲವು ಕಡೆ ಔಷಧವನ್ನು ರೋಗಿಯ ಕಡೆಯವರೇ ತಂದುಕೊಡಬೇಕಾಗುತ್ತದೆ. ನಿಮ್ಮದೂ ಹಾಗಿದ್ದರೆ ಇದನ್ನು ಓದಿ.

ವೈಲ್ (ಔಷಧದ ಸಣ್ಣ ಗಾಜಿನ ಬಾಟಲಿ) ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಜನ ಬಿಸಿಯಾದರೆ ಕೆಡುತ್ತದೆ ಅಂತ ಹೆದರಿ ಐಸ್ ಗಡ್ಡೆಗೇ ತಾಗಿಸಿ ಇಡುತ್ತಾರೆ ಅಥವಾ ಫ್ರೀಜರ್‌ಗೆ ಹಾಕುತ್ತಾರೆ. ಅದು ಇನ್ನೂ ಕೆಟ್ಟದ್ದು. ಇದು ಪ್ರೊಟೀನ್, ಹೆಪ್ಪುಗಟ್ಟಿದರೆ ಆ ವೈಲ್ ಬಳಸುವಂತಿಲ್ಲ. ಕೂಲ್ ಬಾಕ್ಸ್‌ನಲ್ಲಿ ಐಸ್ ಪ್ಯಾಕ್‌ಗೂ ಡಬ್ಬಿಗೂ ನಡುವೆ ದಪ್ಪ ಬಟ್ಟೆ ಇರಲಿ. ಮನೆಯ ಫ್ರಿಜ್ ಆದರೆ ಬಾಗಿಲಲ್ಲಿ ಬೇಡ, ಹಿಂಬದಿ ಗೋಡೆಗೆ ತಾಗಿಸಿಯೂ ಬೇಡ, ನಡುವಿನ ಅರೆಯಲ್ಲಿ ಅದರ ಪೆಟ್ಟಿಗೆಯೊಳಗೇ ಇಡಿ. ದಾರಿಯಲ್ಲಿ ಜಾಸ್ತಿ ಹೊತ್ತು ಹೊರಗೆ ಉಳಿದರೆ, ಏನೂ ಆಗಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ, ಎಷ್ಟು ಹೊತ್ತು ಉಳಿಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ಒಂದು ವೈಲ್‌ನಲ್ಲಿ 100 ಮಿಲಿಗ್ರಾಂ ಪುಡಿ ಇರುತ್ತದೆ. ಅದಕ್ಕೆ 10 ಮಿಲಿ ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ (ರೋಗಾಣು ಇಲ್ಲದ) ನೀರು ಬಿಟ್ಟು ಮೆಲ್ಲಗೆ ತಿರುಗಿಸಿ ಕರಗಿಸಬೇಕು, ಕುಲುಕಬಾರದು. ಆಮೇಲೆ ಸಲೈನ್‌ಗೆ ಸೇರಿಸಿ ಒಟ್ಟು 250 ಮಿಲಿ ಮಾಡಿ, ಸಣ್ಣ ಫಿಲ್ಟರ್ ಇರುವ ಟ್ಯೂಬ್‌ನಲ್ಲಿ ಕೊಡುತ್ತಾರೆ. ಬೇರೆ ಔಷಧವನ್ನು ಅದೇ ಟ್ಯೂಬ್‌ನಲ್ಲಿ ಜೊತೆಗೆ ಬಿಡಬಾರದು. ಇದೆಲ್ಲ ಅವರ ಕೆಲಸ, ನೀವು ಪಕ್ಕದಲ್ಲಿ ನಿಂತು ತಪಾಸಣೆ ಮಾಡಬೇಕಿಲ್ಲ. ಆದರೆ ಕೆಲವು ಔಷಧಗಳನ್ನು ಮನೆಯಲ್ಲೇ ಡ್ರಿಪ್ ಹಾಕಿಸಿಕೊಳ್ಳಬಹುದಾದರೂ, ಇದರ ಮೊದಲ ಡೋಸ್‌ಗಳನ್ನು ಪರಿಚಯದವರ ಕೈಯಲ್ಲಿ ಮನೆಯಲ್ಲೇ ಹಾಕಿಸಿಬಿಡೋಣ ಅಂತ ಹೊರಡುವವರು ಈ ಕೆಲಸ ಎಷ್ಟು ನಾಜೂಕು ಅಂತ ತಿಳಿದುಕೊಳ್ಳಲಿ. ತುರ್ತಿಗೆ ಬೇಕಾದ ಅಡ್ರಿನಲಿನ್, ಆಮ್ಲಜನಕ, ಅದನ್ನು ಬಳಸಲು ಬಲ್ಲವರು, ಇವು ಇಲ್ಲದ ಕಡೆ ಬೇಡವೇ ಬೇಡ.

ಇನ್ನೊಂದು. ಈಗ ಇದೇ ಔಷಧದ ಬಯೋಸಿಮಿಲರ್‌ಗಳು, ಅಂದರೆ ಬೇರೆ ಕಂಪನಿಗಳು ತಯಾರಿಸಿದ ಅದೇ ಥರದ ಔಷಧಗಳು, ಬಂದಿವೆ. ಅವು ಕಳಪೆ ಅಲ್ಲ, ಪರೀಕ್ಷೆಯಾಗಿ ಒಪ್ಪಿಗೆ ಪಡೆದವು. ಆದರೆ ಪ್ರತಿ ಸಲ ಯಾವ ಬ್ರ್ಯಾಂಡ್, ಯಾವ ಬ್ಯಾಚ್ ನಂಬರ್ ಅಂತ ಪೆಟ್ಟಿಗೆಯ ಫೋಟೊ ತೆಗೆದಿಡಿ. ಮುಂದೆ ಏನಾದರೂ ತೊಂದರೆ ಬಂದರೆ ಮೊದಲು ಕೇಳುವುದು ಅದನ್ನೇ.

ಮೆಟ್ಟಿಲು:
ನನಗೆ ಇದೇ ಡ್ರಿಪ್ ನಡೀತಿದೆ. ಈಗ ನೋವೇ ಇಲ್ಲ. ಹಾಗಾಗಿ ಮುಂದಿನದನ್ನು ಬಿಟ್ಟು, ನೋವು ಬಂದಾಗ ಹಾಕಿಸೋಣ ಅಂತಿದ್ದೇನೆ. ಔಷಧ ಕಡಿಮೆ ಆದಷ್ಟೂ ಒಳ್ಳೆಯದಲ್ವಾ?

ಡ್ರಿಪ್‌ಕೋಣೆ:
ಮೆಟ್ಟಿಲು ಅವರೇ, ದಯವಿಟ್ಟು ನಿಮ್ಮಷ್ಟಕ್ಕೆ ನೀವೇ ಹಾಗೆ ಮಾಡಬೇಡಿ. ನೋವು ಇಲ್ಲದಿರುವುದು ಔಷಧ ಕೆಲಸ ಮಾಡುತ್ತಿರುವುದರ ಗುರುತು. ಆದರೆ ನನ್ನ ಮುಖ್ಯ ಕಾರಣ ಅದಲ್ಲ. ಈ ಔಷಧದ ಒಂದು ಭಾಗ ಇಲಿಯ ಪ್ರೊಟೀನ್‌ನಿಂದ ಬಂದದ್ದು. ಅದನ್ನು ಪರಕೀಯ ಅಂತ ನೋಡಿ ನಮ್ಮ ದೇಹ ಪ್ರತಿಕಾಯ ತಯಾರಿಸಬಹುದು. ನಿಯಮಿತವಾಗಿ ಹೋಗುತ್ತಿದ್ದರೆ ಆ ಸಾಧ್ಯತೆ ಕಡಿಮೆ. ಉದ್ದನೆಯ ಬಿಡುವು ಕೊಟ್ಟು ಮತ್ತೆ ಹಾಕಿಸಿದಾಗ ಜೋರಾದ ರಿಯಾಕ್ಷನ್ ಆಗುವ ಸಂಭವ ಜಾಸ್ತಿ. ಔಷಧ ಕೆಲಸ ಮಾಡುವುದನ್ನೇ ನಿಲ್ಲಿಸಲೂಬಹುದು. ಆಗ ಬೇರೆ ಔಷಧ ಹುಡುಕಬೇಕಾಗುತ್ತದೆ. ಡೋಸ್‌ಗಳ ನಡುವಿನ ಅಂತರ ಹೆಚ್ಚಿಸಬಹುದಾ, ನಿಲ್ಲಿಸಬಹುದಾ ಅಂತ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ, ಅದು ನ್ಯಾಯವಾದ ಪ್ರಶ್ನೆ. ದುಡ್ಡಿನ ತೊಂದರೆಯಿಂದ ಬಿಡುವ ಯೋಚನೆ ಇದ್ದರೆ ಅದನ್ನೂ ಹೇಳಿ, ಸಂಕೋಚ ಬೇಡ, ಅದಕ್ಕೂ ಏನಾದರೂ ದಾರಿ ನೋಡಬಹುದು. ಯಾವುದೋ ಕಾರಣಕ್ಕೆ ಈಗಾಗಲೇ ತಪ್ಪಿಹೋಗಿದ್ದರೆ, ಎಷ್ಟು ದಿನ ತಪ್ಪಿದೆ ಅನ್ನುವುದನ್ನು ಡ್ರಿಪ್ ಹಾಕುವ ಮುಂಚೆಯೇ ತಿಳಿಸಿ.

ಎಂಟುವಾರ:
ಇದಕ್ಕೇ ಸೇರಿದ ಮಾತು, ನೀಲಿಕೊಡೆ ಅವರಿಗೆ. ಡ್ರಿಪ್ ಶುರುವಾಯಿತು ಅಂತ ಅಮ್ಮನ ಮೆಥೊಟ್ರೆಕ್ಸೇಟ್ ನಿಲ್ಲಿಸಿಬಿಡಬೇಡಿ. ಸಂಧಿವಾತಕ್ಕೆ ಇವೆರಡನ್ನೂ ಜೊತೆಯಾಗಿಯೇ ಕೊಡುತ್ತಾರೆ, ಆ ಪ್ರತಿಕಾಯ ಹುಟ್ಟುವುದನ್ನು ಅದು ಕಡಿಮೆ ಮಾಡುತ್ತದೆ. ಮತ್ತೆ ಅದು ವಾರಕ್ಕೊಂದು ದಿನದ ಔಷಧ. ನಿಮಗೆ ಗೊತ್ತೇ ಇರುತ್ತದೆ, ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಹೊಸ ಔಷಧ ಸೇರಿದಾಗ ಮನೆಯ ಮಾತ್ರೆ ಲೆಕ್ಕ ಗೊಂದಲವಾಗುತ್ತದೆ. ಅದನ್ನು ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಯಾವ ವಾರದ ದಿನ ಅಂತ ಪಟ್ಟಿಯ ಮೇಲೆಯೇ ದೊಡ್ಡದಾಗಿ ಬರೆಯಿರಿ.

ಕಿಟಕಿಪಕ್ಕ:
ನಮ್ಮ ಅಪ್ಪನದು ಬೇರೆ ಡ್ರಿಪ್, ಮೂಳೆ ಸವೆತಕ್ಕೆ ವರ್ಷಕ್ಕೊಂದು ಸಲ ಕೊಡುವ ಜೋಲೆಡ್ರೊನಿಕ್ ಆಸಿಡ್. ಇದರ ನಿಯಮಗಳೇ ಅದಕ್ಕೂ ಅನ್ವಯಿಸುತ್ತಾ?

ಔಷಧಪೆಟ್ಟಿಗೆ:
ಎಲ್ಲ ಅಲ್ಲ. ಅದು 5 ಮಿಲಿಗ್ರಾಂ, 15 ನಿಮಿಷಕ್ಕಿಂತ ಬೇಗ ಕೊಡಬಾರದು. ಮುಂಚೆ ಕಿಡ್ನಿ ಪರೀಕ್ಷೆ ಆಗಿರಬೇಕು, ಕಿಡ್ನಿ ತುಂಬಾ ದುರ್ಬಲವಿದ್ದರೆ ಕೊಡುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಮೊದಲು ಅದನ್ನು ಸರಿ ಮಾಡಬೇಕು. ಅವತ್ತು ನೀರು ಚೆನ್ನಾಗಿ ಕುಡಿಸಿ, ಡಾಕ್ಟರ್ ನೀರು ಮಿತಿಯಲ್ಲಿರಲಿ ಅಂತ ಹೇಳಿರದಿದ್ದರೆ ಮಾತ್ರ. ಹಲ್ಲು ಕೀಳಿಸುವ ಕೆಲಸ ಏನಾದರೂ ಇದ್ದರೆ ಮುಂಚೆಯೇ ಮುಗಿಸುವುದು ಒಳ್ಳೆಯದು. ಮೊದಲ ಸಲ ಹಾಕಿಸಿದ ಮೇಲೆ ಎರಡು ಮೂರು ದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ.

ನೀಲಿಕೊಡೆ:
ಫೋನ್ ಮಾಡಿದೆ. ಕೆಮ್ಮು ಇರುವುದರಿಂದ ಮೊದಲು ಬಂದು ತೋರಿಸಿ, ಎಕ್ಸ್‌ರೇ ನೋಡಿಯೇ ದಿನ ಕೊಡುತ್ತೇವೆ ಅಂದರು. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು, ಆದರೆ ನನಗೆ ಸಮಾಧಾನ ಆಯಿತು. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಿಗಾದರೂ ತುಂಬಾ ದಿನದ ಕೆಮ್ಮು ಇತ್ತಾ ಅಂತ ಕೇಳಿದ್ದಕ್ಕೆ ಅಮ್ಮ ಅವರ ದೊಡ್ಡಪ್ಪನ ವಿಷಯ ಹೇಳಿದರು. ಈ ಮಾತು ನಾನು ಇವತ್ತಿನವರೆಗೆ ಕೇಳಿಯೇ ಇರಲಿಲ್ಲ. ಅದನ್ನೂ ಡಾಕ್ಟರ್‌ಗೆ ಹೇಳುತ್ತೇನೆ.

ಮನೆಗೆ ಬಂದ ಮೇಲಿನ ವಿಷಯ ಯಾರಾದರೂ ಹೇಳುತ್ತೀರಾ? ಅಲ್ಲಿ ನರ್ಸ್ ಇರುವುದಿಲ್ಲವಲ್ಲ.

ಡ್ರಿಪ್‌ಕೋಣೆ:
ದೊಡ್ಡಪ್ಪನ ವಿಷಯ ಖಂಡಿತ ಹೇಳಿ.

ಮನೆಗೆ ಬಂದ ಮೇಲೆ ಎರಡು ಬೇರೆ ಬೇರೆ ವಿಷಯ. ಒಂದು, ತಡವಾಗಿ ಬರುವ ರಿಯಾಕ್ಷನ್. ಸಾಮಾನ್ಯವಾಗಿ 3ರಿಂದ 12 ದಿನದೊಳಗೆ. ಜ್ವರ, ದದ್ದು, ಗಂಟಲು ನೋವು, ಮುಖ ಅಥವಾ ಕೈ ಊತ, ಇದ್ದಕ್ಕಿದ್ದಂತೆ ಕೀಲು, ಸ್ನಾಯು ಎಲ್ಲ ನೋಯುವುದು. ಸಂಧಿವಾತ ಇರುವವರು ಇದನ್ನು ಹಳೆಯ ನೋವೇ ಜಾಸ್ತಿಯಾಯಿತು ಅಂತ ತಿಳಿದು ಸುಮ್ಮನಾಗುತ್ತಾರೆ. ಹಾಗಾಗಿ ಡ್ರಿಪ್ ಹಾಕಿದ ತಾರೀಖು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಇಂಥದ್ದು ಕಂಡರೆ ಮುಂದಿನ ಡೋಸ್‌ವರೆಗೆ ಕಾಯದೆ ತಿಳಿಸಿ.

ಇನ್ನೊಂದು ಸೋಂಕು. ಅದು ಯಾವಾಗ ಬೇಕಾದರೂ ಬರಬಹುದು. ಈ ಔಷಧದಲ್ಲಿರುವಾಗ ಲಕ್ಷಣಗಳು ಜೋರಾಗಿ ಕಾಣದೆಯೂ ಇರಬಹುದು. ಜ್ವರ ಬಂದರೆ ಒಂದು ಮಾತ್ರೆ ನುಂಗಿಸಿ ನಾಳೆ ನೋಡೋಣ ಅನ್ನುವ ಅಭ್ಯಾಸ ಬಿಡಿ, ಅವತ್ತೇ ಫೋನ್ ಮಾಡಿ. ವಾರಗಟ್ಟಲೆ ಕೆಮ್ಮು, ರಾತ್ರಿ ಬೆವರು, ತೂಕ ಇಳಿಯುವುದು, ಕಣ್ಣು ಹಳದಿಯಾಗುವುದು, ಕಾಲು ಊದಿ ಉಸಿರು ಕಟ್ಟುವುದು, ಕೈಕಾಲು ಜೋಮು ಹಿಡಿಯುವುದು, ನೋಟ ಮಂಜಾಗುವುದು, ಇವೆಲ್ಲ ತಕ್ಷಣ ಹೇಳಬೇಕಾದವು.

ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲಿನವರ ಹತ್ತಿರ ಹೋದರೂ, ಈ ಔಷಧ ನಡೀತಿದೆ ಅಂತ ಮೊದಲೇ ಹೇಳಿ. ಆಪರೇಷನ್ ಏನಾದರೂ ಇದ್ದರೆ ಡ್ರಿಪ್ ದಿನವನ್ನು ಅದಕ್ಕೆ ಹೊಂದಿಸಬೇಕಾಗಬಹುದು. ಲಸಿಕೆ ಹಾಕಿಸುವಾಗಲೂ ಹೇಳಬೇಕು, ಜೀವಂತ ರೋಗಾಣು ಇರುವ ಲಸಿಕೆಗಳು ಇವರಿಗೆ ಆಗುವುದಿಲ್ಲ. ಬೇಕಾದ ಲಸಿಕೆಗಳನ್ನು ಶುರುವಿಗೆ ಮುಂಚೆಯೇ ಹಾಕಿಸಬಹುದಾ ಅಂತ ಕೇಳಿ. ಹೇಗೂ ಈಗ ಎಕ್ಸ್‌ರೇಗೆ ಹೋಗುತ್ತಿದ್ದೀರಲ್ಲ, ಅವತ್ತೇ ಕೇಳಿಬಿಡಿ.

ದಾರಿಹೋಕ:
ಒಂದು ಸಣ್ಣ ವಿಷಯ. ಡ್ರಿಪ್‌ಗೆ ಮುಂಚೆ ಅಲರ್ಜಿ ಮಾತ್ರೆ ಕೊಟ್ಟರೆ ತುಂಬಾ ನಿದ್ದೆ ಬರುತ್ತಾ? ನಮ್ಮ ಮಾವ ತಾವೇ ಗಾಡಿ ಓಡಿಸಿಕೊಂಡು ಹೋಗಿ ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ.

ಡ್ರಿಪ್‌ಕೋಣೆ:
ಕೆಲವು ಮಾತ್ರೆಗಳಿಂದ ಚೆನ್ನಾಗಿಯೇ ನಿದ್ದೆ ಬರುತ್ತದೆ. ಓಡಿಸಲು ಬಿಡಬೇಡಿ, ಮೊದಲ ಕೆಲವು ಸಲವಂತೂ ಬೇಡವೇ ಬೇಡ. ದಾರಿಯಲ್ಲಿ ತಡವಾಗಿ ರಿಯಾಕ್ಷನ್ ಬಂದರೆ ಪಕ್ಕದಲ್ಲಿ ಒಬ್ಬರು ಇರಬೇಕು. ಮತ್ತೆ ಡ್ರಿಪ್ ನಡೆಯುವಾಗ ಅವರು ನಿದ್ದೆ ಹೋದರೆ ಹೋಗಲಿ, ಆದರೆ ನೀವು ಎಚ್ಚರವಾಗಿದ್ದು ಉಸಿರು, ಮುಖದ ಬಣ್ಣ, ಕೈ ನೋಡುತ್ತಿರಿ. ನಿದ್ದೆಯಲ್ಲೇ ಕೆರೆದುಕೊಳ್ಳುತ್ತಿದ್ದರೂ ನಮ್ಮನ್ನು ಕರೆಯಿರಿ.

ನೀಲಿಕೊಡೆ:
ನಾಡಿದ್ದು ಎಕ್ಸ್‌ರೇ. ಲಸಿಕೆ, ದೊಡ್ಡಪ್ಪನ ವಿಷಯ, ತೂಕ, ಔಷಧ ನಾವೇ ತರಬೇಕಾ ಅಂತ, ಎಲ್ಲ ಒಂದೇ ಹಾಳೆಯಲ್ಲಿ ಬರೆದಿದ್ದೇನೆ. ಸಿಸ್ಟರ್ ಹೇಳಿದ ಪ್ರಶ್ನೆಗಳನ್ನು ಅಮ್ಮನಿಗೆ ಓದಿ ಹೇಳಿದೆ. "ಬೆನ್ನು ನೋವೂ ಹೇಳಬೇಕಾ?" ಅಂತ ಕೇಳಿದರು. ಹೌದು ಅಂದೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.